ಮೂಲೆ ಹೊಲಿಯದ ಕೌದಿ

ನಮ್ಮ ಮನೆತನದಲ್ಲಿ ಹೆತ್ತ ಕೂಸುಗಳು ನಿಲ್ಲದೆ ಹೋದರೆ, ಮುಂದಿನ ಕೂಸಿಗೆ ಮನೆಯ ಹಾಸಿಗೆ ಹೊದಿಕೆ ಮುಟ್ಟಿಸುವುದಿಲ್ಲ. ಬಸುರಿ ಹೊತ್ತಾರೆ ಮಿಂದು, ವಿಭೂತಿ ಧರಿಸಿ, ಮಕ್ಕಳು ಉಳಿದು ಬಾಳಿದ ಮನೆಗಳಿಗೆ ಹೋಗಿ, ಉಡಿಯೊಡ್ಡಿ, ಒಂದೊಂದು ತುಂಡು ಹಳೆಯ ಅರಿವೆ ಬೇಡಿ ತರಬೇಕು. ಅವನ್ನೆಲ್ಲ ಕೂಡಿಸಿ ಕೌದಿ ಹೊಲಿಯಬೇಕು. ಮೂರು ಮೂಲೆಗಳನ್ನು ಯಾರು ಹೊಲಿದರೂ ನಡೆಯುತ್ತದೆ. ಕೊನೆಯ ಮೂಲೆಯನ್ನು ಮಾತ್ರ ತಾಯಿಯಾಗುವವಳು ತನ್ನ ಮನೆಯ ಒಂದು ಚಿಟಿಕೆ ಕಾಳನ್ನು ಒಳಗಿಟ್ಟು, ತಾನೇ ಸೂಜಿ ಹಿಡಿದು ಮುಚ್ಚಬೇಕು. ಇದಕ್ಕೆ ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತೇವೆ. ಹೊಟ್ಟೆ ತುಂಬದ ಕೌದಿ ಯಾವ ಕೂಸನ್ನೂ ಕಾಯುವುದಿಲ್ಲ ಎಂಬುದು ನಮ್ಮ ಅತ್ತೆಯವರ ನಂಬಿಕೆ.

ನನಗೆ ಎರಡು ಹೋಗಿ ಮೂರನೆಯದು ನಿಂತದ್ದು ಇಂಥ ಕೌದಿಯ ಕೆಳಗೆ. ಕೌದಿಯಿಂದ ನಿಂತಿತೋ, ಶಿವನ ಮನಸ್ಸಿಗೆ ಬಂದು ನಿಂತಿತೋ, ಆ ವರ್ಷ ನಮ್ಮ ಎಮ್ಮೆ ಎರಡೂ ಹೊತ್ತು ಸರಿಯಾಗಿ ಹಾಲು ಕೊಟ್ಟದ್ದರಿಂದ ನಿಂತಿತೋ ನನಗೆ ತಿಳಿಯದು. ತಿಳಿಯದ್ದನ್ನು ತಿಳಿದವಳ ಹಾಗೆ ಹೇಳುವುದು ನನ್ನಿಂದಾಗದು. ಕೂಸು ಉಳಿಯಿತು. ಎಮ್ಮೆಯೂ ಉಳಿಯಿತು. ಎರಡಕ್ಕೂ ಕೈ ಮುಗಿದೆ.

ನನ್ನ ತವರು ಮೂಡಲಗಿ ಕಡೆಯ ತುಕ್ಕಾನಟ್ಟಿ, ಕೊಟ್ಟ ಮನೆ ಹುಕ್ಕೇರಿ ಸೀಮೆಯ ಯಮಕನಮರಡಿ. ಆದರೆ ನಾನು ಸಂಸಾರ ಮಾಡಿದ್ದೆಲ್ಲ ಗೋಕಾಕದ ಹತ್ತಿರ, ಹೊಳೆ ಧುಮುಕುವಲ್ಲಿನ ನೂಲಿನ ಗಿರಣಿಯವರ ಸಾಲುಮನೆಗಳ ಚಾಳಿನಲ್ಲಿ. ನಮ್ಮ ಯಜಮಾನರು ಅಲ್ಲಿ ಹತ್ತಿ ತೂಗಿಸುವ ಕಾರಕೂನರಾಗಿದ್ದರು. ಅತ್ತೆಯವರೂ ನಮ್ಮೊಡನೆ ಇದ್ದರು. ಚಾಳಿನ ಹಿಂದೆ ಗುಡ್ಡ, ಗುಡ್ಡದ ಮೇಲೆ ಸಾಹೇಬರ ಬಂಗಲೆಗಳು. ಯಂತ್ರ ನೋಡಿಕೊಳ್ಳುವ ಬಿಳಿಯ ಸಾಹೇಬರ ಹೆಂಡತಿಯನ್ನು ನಾವು ನಮ್ಮ ನಮ್ಮಲ್ಲಿ ಮಡಮ್ಮ ಎನ್ನುತ್ತಿದ್ದೆವು.

ಮಡಮ್ಮ ಕನ್ನಡ ಕಲಿತದ್ದು ಅಡಿಗೆಯವನಿಂದ. ಅಡಿಗೆಯವನು ಗಿಂಡಿ ತೊಳೆಯುವ ಹುಡುಗಿಯೊಡನೆ ಹೇಗೆ ಮಾತಾಡುವನೋ ಅವರೂ ಎಲ್ಲರೊಡನೆ ಹಾಗೆಯೇ ಮಾತಾಡುತ್ತಿದ್ದರು. ನಮ್ಮ ಅತ್ತೆಯವರನ್ನು ಕಂಡರೆ ನಗುತ್ತ, "ಏ ಮುದುಕಿ, ಆರಾಮ ಅದಿ?" ಎಂದು ಕೇಳುತ್ತಿದ್ದರು. ಅತ್ತೆ ಮೊದಲ ದಿನ ಮುಖ ತಿರುಗಿಸಿದರು. ಆಮೇಲೆ, "ಆಕಿಗೇನ ಗೊತ್ತು, ಪಾಪ. ಗಿಣಿಗೆ ಕಲಿಸಿದಷ್ಟ ಗಿಣಿ ಮಾತಾಡತೈತಿ" ಎಂದು ಬಿಟ್ಟುಕೊಟ್ಟರು.

ಒಂದು ದಿನ ಮಡಮ್ಮ ನಮ್ಮ ಬೇಲಿಯ ಹತ್ತಿರ ನಿಂತರು. ಬೇಲಿಯ ಮೇಲೆ ಕೂಸಿನ ಕೌದಿ ಒಣಹಾಕಿದ್ದೆ. ಇಷ್ಟೊಂದು ಬಣ್ಣ ಯಾಕೆ, ಒಂದರ ಹಾಗೆ ಒಂದು ತುಂಡು ಇಲ್ಲವಲ್ಲ ಎಂದು ಅವರು ಕೈಯಾಡಿಸಿ ನೋಡಿದರು. ಹೇಳಬೇಕೆಂದರೆ ನನ್ನ ಮಾತು ಅವರಿಗೆ ಪೂರಾ ತಿಳಿಯದು. ನಾನು ಎರಡು ಬೆರಳು ಎತ್ತಿ ತೋರಿಸಿ, ನೆಲವನ್ನು ತೋರಿಸಿದೆ. ಆಮೇಲೆ ಸೊಂಟದ ಮೇಲಿದ್ದ ಕೂಸನ್ನು ತೋರಿಸಿ ಕೌದಿಯನ್ನು ಮುಟ್ಟಿದೆ. ಅವರು ತಾವೂ ಎರಡು ಬೆರಳು ಎತ್ತಿ, ಗುಡ್ಡದ ಆಚೆ ಅವರವರು ಮಣ್ಣು ಮಾಡುವ ಜಾಗದ ಕಡೆ ಕೈ ಮಾಡಿದರು. ಆ ಎರಡು ಸಣ್ಣ ಗೋರಿಗಳು ಚಾಳಿನ ಹೆಂಗಸರಿಗೆಲ್ಲ ಗೊತ್ತಿದ್ದವು. ಆದರೂ ಅವರೇ ಬೆರಳೆತ್ತಿ ತೋರಿಸಿದಾಗ ನನಗೆ ಏನೂ ತೋಚದೆ, ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟೆ. ಕುಡಿದು ಹೋದರು.

ಅದಾದ ಮೇಲೆ ಅವರು ಆಗೀಗ ಬಂದು ಕಟ್ಟೆಯ ಮೇಲೆ ಕೂಡುವರು. ಬೇಡುವುದು ಹೇಗೆ, ಯಾರ ಮನೆಯಲ್ಲಿ, ಮೂಲೆ ಯಾಕೆ ಬಿಡುವುದು ಎಂದು ಒಂದೊಂದಾಗಿ ಕೇಳುವರು. ಮತ್ತೆ ಬಸುರಾದರೆಂದು ನನಗೆ ಅವರ ನಡಿಗೆಯಿಂದಲೇ ತಿಳಿಯಿತು. ಹೆರಿಗೆ ತಮ್ಮ ದೇಶದಲ್ಲೇ ಆಗಬೇಕೆಂದು ಅವರ ಡಾಕ್ಟರರು ಹಟ ಹಿಡಿದರಂತೆ. ಸಾಹೇಬರೂ ರಜೆ ಹಾಕಿ ಜೊತೆಗೆ ಹೊರಟರು.

ಹೊರಡುವ ಹಿಂದಿನ ದಿನ ಮಡಮ್ಮ ನಮ್ಮ ಬಾಗಿಲಿಗೆ ಬಂದು, ಒಳಗೆ ಬಾರದೆ ಹೊಸ್ತಿಲಿನಾಚೆ ನಿಂತು, ತಮ್ಮ ಉದ್ದನೆಯ ಅಂಗಿಯ ಮುಂಭಾಗವನ್ನು ಎರಡೂ ಕೈಯಿಂದ ಹಿಡಿದು ಉಡಿಯ ಹಾಗೆ ಒಡ್ಡಿದರು.

"ನನ್ನ ಕೂಸಿಗಿ ಅರಿವಿ ಕೊಡು" ಎಂದರು.

ಬಂಗಲೆಯವರು ಚಾಳಿನ ಬಾಗಿಲಲ್ಲಿ ಬೇಡುವುದನ್ನು ಯಾರಾದರೂ ಕಂಡರೆ ಅವರಿಗೆ ಅವಮಾನವೋ ನಮಗೆ ಅವಮಾನವೋ ನನಗೆ ತಿಳಿಯಲಿಲ್ಲ. ಅತ್ತೆ ಒಳಗಿನಿಂದ, "ಬೇಡಿದಾಕಿನ್ನ ನಿಂದರಿಸಬಾರದ ತಂಗಿ, ಕೊಡು" ಎಂದರು. ನನ್ನ ಕೂಸಿನ ಮೊದಲ ಅಂಗಿಯ ತುಂಡನ್ನು ತಂದು ಅವರ ಉಡಿಗೆ ಹಾಕಿದೆ. ಅವರು ಅದನ್ನು ಕಣ್ಣಿಗೊತ್ತಿಕೊಳ್ಳುವುದನ್ನೂ ಮರೆಯಲಿಲ್ಲ. ಆಮೇಲೆ ಅದನ್ನೇ ನನ್ನ ಕೈಗೆ ತಿರುಗಿ ಕೊಟ್ಟರು.

"ನಾಳಿ ಗಾಡಿ. ನನಗ ಹೊತ್ತಿಲ್ಲ. ಉಳಿದ ಮನಿ ನೀ ಬೇಡು. ಟಪಾಲಕ್ಕ ಹಾಕು."

ಒಂದು ಚೀಟಿಯ ಮೇಲೆ ತಮ್ಮ ಊರಿನ ವಿಳಾಸ ಬರೆದುಕೊಟ್ಟರು. ನಾನು ಹೂಂ ಎಂದೆ. ಹೂಂ ಎಂದ ಮೇಲೆ ತಲೆ ಕೆಟ್ಟಿತು. ತಾಯಿ ಬೇಡಬೇಕಾದ್ದನ್ನು ಬೇರೆಯವಳು ಬೇಡಬಹುದೇ? ಸಂಜೆ ಅತ್ತೆಯವರನ್ನು ಕೇಳಿದೆ.

"ಮೊದಲನೇ ತುಂಡ ಆಕೀನ ಬೇಡಿದಳಲ್ಲ" ಎಂದರು ಅತ್ತೆ. "ಹೊಲಕ್ಕ ಮೊದಲನೇ ಸಾಲ ಒಡೆಯ ಹೊಡದ್ರ ಸಾಕು, ಉಳಿದದ್ದ ಆಳ ಹೊಡೀತಾನ. ನೀ ಆಳ ಅಂತ ತಿಳ್ಕೊ."

"ಅವರ ದೇವರು ಬ್ಯಾರೆ ಅಲ್ರಿ, ಅತ್ತಿ?"

"ಅದನ್ನ ನನ್ನ ಕೇಳಬ್ಯಾಡ. ನಾ ರೊಟ್ಟಿ ಬಡ್ಯಾಕಿ."

ಮರುವಾರ ಚಾಳಿನಿಂದಲೇ ಸುರು ಮಾಡಿದೆ. ಬಾಜೂ ಮನೆಯಾಕೆ ನನ್ನ ಒಡ್ಡಿದ ಉಡಿ ನೋಡಿ, "ಏನವಾ, ಮೊನ್ನೆರ ಹಡದಿಯಲ್ಲ, ಮತ್ತ?" ಎಂದಳು.

"ನನಗಲ್ಲವಾ."

"ಮತ್ತ ಯಾರಿಗೆ? ನಿಮ್ಮ ಅತ್ತಿಗೇನು?"

ಒಳಗಿನಿಂದ ನಾಲ್ಕು ಹೆಂಗಸರು ನಕ್ಕರು. ನನಗೂ ನಗು ಬಂತು. ಆದರೆ ಯಾರಿಗೆಂದು ಹೇಳಿದೊಡನೆ ನಗು ನಿಂತಿತು. ಆ ವರ್ಷಗಳೇ ಅಂಥವು. ಗೋಕಾಕದ ಪೇಟೆಯಲ್ಲಿ ವಿಲಾಯತಿ ಅರಿವೆ ಒಟ್ಟಿ ಸುಟ್ಟಿದ್ದರು. ಓಣಿಗೊಬ್ಬರು ಜೈಲಿನಲ್ಲಿದ್ದರು. ಸುಳ್ಳು ಹೇಳಿ ಬೇಡಿದರೆ ಆ ಅರಿವೆಗೆ ಬೆಲೆಯಿಲ್ಲ, ಖರೆ ಹೇಳಿದರೆ ಕೊಡುವವರಿಲ್ಲ. ಕೆಲವರು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಕೆಲವರು ಸುಮ್ಮನೆ ತಂದು ಹಾಕಿದರು. ಒಬ್ಬಾಕೆ ಕೊಟ್ಟು, "ನಾ ಕೊಟ್ಟೀನಂತ ನಮ್ಮ ಮನ್ಯಾಗ ಹೇಳಬ್ಯಾಡ" ಎಂದಳು. ಕೊಡದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಅದೂ ನನಗೆ ಸ್ಪಷ್ಟವಿರಲಿಲ್ಲ.

ಸಿಕ್ಕ ತುಂಡುಗಳು ಸಾಲದ್ದಕ್ಕೆ ತವರಿಗೆ ಹೋದೆ. ತುಕ್ಕಾನಟ್ಟಿಯಲ್ಲಿ ನಮ್ಮ ಮನೆಗೆ ಎದುರು ಬದುರಾಗಿ ಒಂದು ಮನೆ. ಆ ಮನೆಯ ಹಿರಿಯಳನ್ನು ನಾನು ಸಣ್ಣಂದಿನಿಂದ ದೊಡ್ಡವ್ವ ಎಂದೇ ಕರೆದವಳು. ಆಕೆಗೆ ಏಳು ಮಕ್ಕಳು, ಏಳೂ ಉಳಿದಿದ್ದವು. ಬೇಡಲು ಅದಕ್ಕಿಂತ ಒಳ್ಳೆಯ ಮನೆ ಇರಲಿಲ್ಲ. ಆದರೆ ಕೊನೆಯ ಮಗ ಆಗ ಬೆಳಗಾವಿಯಲ್ಲಿ ಜೈಲಿನಲ್ಲಿದ್ದ. ನಾನು ಬಾಗಿಲಿನವರೆಗೆ ಹೋಗಿ ಹಿಂದೆ ಬಂದೆ, ಮತ್ತೆ ಹೋದೆ.

"ಯಾಕ ಹಿಂಗ ದನ ತಪ್ಪಿಸಿಕೊಂಡವರಂಗ ಅಡ್ಡಾಡಾಕತ್ತೀಯ?" ಎಂದಳು ದೊಡ್ಡವ್ವ.

ಹೇಳಿದೆ. ಯಾರಿಗೆ, ಯಾಕೆ, ಎಲ್ಲ. ಆಕೆ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಂತಿತು.

"ನನ್ನ ಮಗನ್ನ ಒಳಗ ಹಾಕಿದಾವ್ರು ಯಾರು?"

"ಅವರ ಮಂದೀನ, ದೊಡ್ಡವ್ವ."

"ಮತ್ತ?"

"ಆಕಿ ಎರಡು ಕಳಕೊಂಡಾಳ."

ದೊಡ್ಡವ್ವ ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಆಯಿತು, ಇದೂ ಬಂದ್ ಆದ ಬಾಗಿಲು ಎಂದುಕೊಂಡು ನಾನು ಸೆರಗು ಇಳಿಬಿಟ್ಟೆ. ಆಗ ಆಕೆ ಹೊರಗೆ ಬಂದು ಬಿಳಿಯ ದಪ್ಪನೆಯ ಒಂದು ತುಂಡನ್ನು ನನ್ನ ಕೈಯಲ್ಲಿಟ್ಟಳು. ಮಗ ತೊಡುತ್ತಿದ್ದ ಖಾದಿ ಅಂಗಿಯ ಬೆನ್ನು.

"ಇದನ್ನ ನಡುವ ಹಚ್ಚು" ಎಂದಳು. "ಆ ಕೂಸು ನಮ್ಮ ಖಾದಿ ಹೊಚ್ಕೊಂಡ ಮಲಗ್ಲಿ. ಅವರಪ್ಪ ಅದನ್ನ ಹ್ಯಾಂಗ ಕಸಗೋತಾನ, ನೋಡೂಣಂತ."

ಸಿಟ್ಟಿನಿಂದ ಕೊಟ್ಟಳೋ ಕರುಣೆಯಿಂದ ಕೊಟ್ಟಳೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಸಿಟ್ಟಿನಿಂದ ಕೊಟ್ಟದ್ದು ಕೂಸಿಗೆ ಹತ್ತುತ್ತದೆಯೇ? ನನ್ನನ್ನು ಚಾಳಿಗೆ ಬಿಡಲು ಚಕ್ಕಡಿಯಲ್ಲಿ ಪಕ್ಕಕ್ಕೆ ಕೂತು ಬಂದ ನನ್ನ ತಾಯಿಯನ್ನು ಕೇಳಿದರೆ, "ಕೊಟ್ಟಾಳಿಲ್ಲ?" ಎಂದಷ್ಟೇ ಹೇಳಿದಳು. ನಡುವೆಯೇ ಹಚ್ಚಿದೆ.

ಹೊಲಿಗೆ ಸಾಗಿತು. ಹಗಲು ಅಡಿಗೆ, ಎಮ್ಮೆ, ಕೂಸು. ಮಧ್ಯಾಹ್ನ ಅತ್ತೆ ಕೂಸನ್ನು ಹಿಡಿದುಕೊಂಡರೆ ನಾನು ಕೌದಿ ಹಿಡಿದುಕೊಳ್ಳುವೆ. ಕೆಳಗೆ ನನ್ನ ಹಳೆಯ ಇಲಕಲ್ ಸೀರೆ, ಮೇಲೆ ತುಂಡುಗಳು, ಸುತ್ತ ಸಾಲು ಸಾಲಾಗಿ ಓಟದ ಹೊಲಿಗೆ. ಸೂಜಿ ಒಂದೂ ಮುರಿಯಲಿಲ್ಲ. ಇಂಥ ಸಣ್ಣದನ್ನೂ ನಾನು ಶಿವನ ಲೆಕ್ಕಕ್ಕೇ ಬರೆಯುತ್ತೇನೆ. ಮೂರು ಮೂಲೆ ಮುಚ್ಚಿ, ನಾಲ್ಕನೆಯದನ್ನು ಬಿಟ್ಟು, ಅಲ್ಲೇ ದಾರ ಪೋಣಿಸಿದ ಸೂಜಿಯನ್ನು ಚುಚ್ಚಿಟ್ಟೆ. ಆ ಮೂಲೆ ಯಾಕೆಂದು ಮಡಮ್ಮನಿಗೆ ಗೊತ್ತಿತ್ತು. ಅವರ ಮನೆಯ ಕಾಳು, ಅವರ ಕೈ. ಹೆರಿಗೆಗೆ ಇನ್ನೂ ದಿನಗಳಿದ್ದವು.

ಒಂದು ಸಂತೆಯ ದಿನ ಯಜಮಾನರು ನನ್ನನ್ನೂ ಅತ್ತೆಯವರನ್ನೂ ಟಾಂಗಾದಲ್ಲಿ ಗೋಕಾಕಕ್ಕೆ ಕರೆದುಕೊಂಡು ಹೋದರು. ವಿಲಾಯತಿಗೆ ಹೋಗುವ ಗಂಟನ್ನು ಮೊದಲು ನೀರು ಇಳಿಯದ ಮೇಣಗಪಡದಲ್ಲಿ ಸುತ್ತಿ, ಮೇಲೆ ಮಾದರಪಾಟಿನ ಗಟ್ಟಿ ಬಿಳಿ ಅರಿವೆಯಲ್ಲಿಟ್ಟು ಎಲ್ಲ ಕಡೆಯಿಂದ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮೊಹರು ಹಾಕಬೇಕಂತೆ. ಟಪಾಲು ಕಚೇರಿಯ ಎದುರಿಗೇ ಒಬ್ಬ ಮುದುಕ ಸಿಂಪಿಗ ಗಿಡದ ಕೆಳಗೆ ಕೂತು ಆ ಕೆಲಸ ಮಾಡಿಕೊಡುತ್ತಿದ್ದ. ಕೌದಿಯನ್ನು ಅವನ ಮುಂದಿಟ್ಟು ನಾನೂ ಅತ್ತೆಯೂ ಹತ್ತಿರವೇ ಕೂತೆವು. ಅವನು ಬಿಡಿಸಿ ನೋಡಿ, "ಯಾರ ಕೈಯವಾ ಇದು? ಸಾಲ ಭಾಳ ನೀಟ ಬಂದಾವ" ಎಂದ. ನನಗೆ ಒಳಗೊಳಗೇ ಹಿಗ್ಗಾಯಿತು.

ಅಷ್ಟರಲ್ಲಿ ಯಜಮಾನರು ಕಚೇರಿಯ ಬಾಗಿಲಿಗೆ ಬಂದು ನನ್ನನ್ನು ಕರೆದರು. ಒಳಗೆ ಪೋಸ್ಟ್ ಮಾಸ್ತರರು ಒಂದು ಕಾಗದ ಹಿಡಿದು ಕೂತಿದ್ದರು.

"ಒಳಗ ಏನೈತಿ ಅಂತ ಇಂಗ್ಲೀಷಿನ್ಯಾಗ ಬರೀಬೇಕ್ರಿ. ಕೌದಿಗೆ ಏನಂತಾರ?"

"ರಜಾಯಿ ಅಂತ ಬರೀರಲ್ಲ" ಎಂದರು ಯಜಮಾನರು.

"ರಜಾಯ್ಯಾಗ ಹತ್ತಿ ಇರತೈತ್ರಿ. ಇದರಾಗ ಐತೇನು?"

"ಇಲ್ರಿ, ಹಳೇ ಅರಿವಿ" ಎಂದೆ ನಾನು.

"ಹಳೇ ಅರಿವಿ ಅಂತ ಬರದ್ರ ರೋಗ ಬರತೈತಿ ಅಂತ ಅಲ್ಲಿ ಇಳಿಸಿಕೊಳ್ಳಾಂಗಿಲ್ರಿ, ಅಕ್ಕಾರ. ಆತು, ಬೆಲಿ ಏನು?"

"ಬೇಡಿ ತಂದದ್ದಕ್ಕ ಬೆಲಿ ಕಟ್ಟಬಾರದ್ರಿ."

ಮಾಸ್ತರರು ಪೆನ್ನು ಕೆಳಗಿಟ್ಟರು. ಅವರಿಗೂ ನಮ್ಮ ಹಾಗೆಯೇ ತಿಳಿಯದಾಗಿತ್ತು. ಸರಕಾರಕ್ಕೆ ಬೆಲೆಯಿಲ್ಲದ ವಸ್ತು ಗೊತ್ತಿಲ್ಲ, ನನಗೆ ಬೆಲೆ ಹೇಳಲು ಬಾಯಿಲ್ಲ. ಕೊನೆಗೆ ಅವರೂ ಯಜಮಾನರೂ ಗುಸುಗುಸು ಮಾತಾಡಿ ಏನೋ ಬರೆದರು. ಏನು ಬರೆದರೆಂದು ನಾನು ಕೇಳಲಿಲ್ಲ. ಕೇಳಿದರೆ ಬೇಡವೆನ್ನಬೇಕಾಗುತ್ತಿತ್ತು.

ಇದೆಲ್ಲ ಮುಗಿಯುವಷ್ಟರಲ್ಲಿ ಗಂಟು ಸಿದ್ಧವಾಗಿತ್ತು. ಅತ್ತೆ ಸಂತೆಯ ಕಡೆ ಬಾಳೆಹಣ್ಣು ಕೊಳ್ಳಲು ಎದ್ದು ಹೋಗಿದ್ದರು. ಯಜಮಾನರು ಗಂಟನ್ನು ಒಳಗೆ ಒಯ್ದು ಮೊಹರು ಹಾಕಿಸಿದರು. ನಾನು ಕೂಲಿ ಕೊಡಲು ಸಿಂಪಿಗನ ಮುಂದೆ ನಿಂತೆ. ಅವನು ನಗುತ್ತ ನನ್ನ ಕೈಯಲ್ಲಿ ಒಂದು ಸೂಜಿ ಇಟ್ಟ.

"ತಂಗಿ, ಇದ ಒಳಗ ಉಳಿದಿತ್ತ. ಕೂಸಿಗೆ ಗೀಸಿಗೆ ಚುಚ್ಚೀತಂತ ತಗದೆ. ಒಂದ ಮೂಲಿ ಹೊಲಿಯೂದ ಮರ್ತಿದ್ದಿ ನೋಡು. ನಾನ ಮುಚ್ಚೀನಿ. ನಿನ್ನ ಹೊಲಿಗಿ ಹೆಂಗಿತ್ತೋ ಹಂಗ ಹಾಕೀನಿ, ಯಾರಿಗೂ ಗೊತ್ತಾಗಾಂಗಿಲ್ಲ. ಅದಕ್ಕ ರೊಕ್ಕ ಬ್ಯಾಡ."

ನಾನು ಸೂಜಿ ನೋಡಿದೆ. ಅವನ ಮುಖ ನೋಡಿದೆ. ಕಚೇರಿಯೊಳಕ್ಕೆ ಓಡಿದೆ. ಹೊಸ ಅರಗು ಇನ್ನೂ ಹೊಳೆಯುತ್ತಿತ್ತು.

"ಅದನ್ನ ಬಿಚ್ಚಬೇಕ್ರಿ."

ಮಾಸ್ತರರು ಗಾಬರಿಯಾದರು. "ಮೊಹರ ಬಿದ್ದ ಮ್ಯಾಲ ಅದ ನಿಮ್ಮದಲ್ರಿ, ಸರಕಾರದ್ದು. ನಾ ಬಿಚ್ಚಿದ್ರ ನನ್ನ ನೌಕರಿ ಹೋಗತೈತಿ. ಏನ ಬಿಟ್ಟೀರಿ ಒಳಗ?"

"ಏನೂ ಬಿಟ್ಟಿಲ್ರಿ. ಅದಕ್ಕ ಬಿಚ್ಚಬೇಕು."

ಈ ಮಾತು ಅವರಿಗೆ ಎಲ್ಲಿಂದ ತಿಳಿದೀತು? ಒಳಗೆ ಏನೂ ಇಲ್ಲವೆಂದು ಗಂಟು ಬಿಚ್ಚಿಸುವವರನ್ನು ಅವರು ಕಂಡಿರಲಿಲ್ಲ. ಯಜಮಾನರು ನನ್ನ ತೋಳು ಹಿಡಿದು ಹೊರಗೆ ತಂದರು. ಟಪಾಲಿನ ಚೀಲ ನಮ್ಮ ಕಣ್ಣೆದುರಿಗೇ ಸ್ಟೇಷನ್ನಿಗೆ ಹೊರಟಿತು. ಹಣ್ಣಿನ ಬುಟ್ಟಿ ಹಿಡಿದು ಬಂದ ಅತ್ತೆ ಸುದ್ದಿ ಕೇಳಿ, ಸಿಂಪಿಗನ ಮುಂದೆ ಹೋಗಿ ನಿಂತರು. ಬೈಯುತ್ತಾರೆಂದುಕೊಂಡೆ. ಅವನೇ ಎದ್ದು ನಿಂತು, "ತಾಯಿ, ನಾ ಪಾಪ ಮಾಡಿದ್ನೇನ್ರಿ?" ಎಂದು ಕೇಳಿದ. ಅತ್ತೆ ಬಾಯಿ ತೆರೆದವರು, ಅವನ ಕೈಗೆ ಎರಡು ಬಾಳೆಹಣ್ಣು ಕೊಟ್ಟು ತಿರುಗಿ ಬಂದರು.

ತಾಯಿಯ ಕೈ ಹತ್ತದ, ಹೊಟ್ಟೆ ತುಂಬದ ಕೌದಿ ಸಮುದ್ರ ದಾಟಿ ಒಂದು ಕೂಸಿನ ಮೇಲೆ ಬೀಳಲಿದೆ. ಕೊಡದಿದ್ದರೆ ಒಂದು ಮಾತು, ಅರೆಬರೆ ಮಾಡಿ ಕೊಟ್ಟರೆ ಬೇರೆ ಮಾತು. ನನ್ನ ಮನಸ್ಸಿನಲ್ಲಿ ಇದೇ ಕುದಿಯುತ್ತಿತ್ತು. ಆ ವಾರ ನಮ್ಮ ಮನೆತನದ ಗುರುಗಳಾದ ಅಯ್ಯನವರು ಬಂದಾಗ ಪಾದಕ್ಕೆ ನೀರು ಹಾಕಿ ಕೇಳಿದೆ.

"ಯಾರ ಕೈ ಹೊಲಿದ್ರೇನವಾ, ಎಲ್ಲಾ ಶಿವನ ಕೈ. ಚಿಂತಿ ಬಿಡು" ಎಂದರು ಅಯ್ಯನವರು.

ಮನಸ್ಸು ಹಗುರಾಯಿತು. ಅವರು ಅಂಗಳ ದಾಟುವವರೆಗೆ ಅತ್ತೆ ತಾಳಿಕೊಂಡಿದ್ದು, ಆಮೇಲೆ, "ಅಯ್ಯನವರೇನು ಹಡದಾರೇನು?" ಎಂದರು. ಮತ್ತೆ ಭಾರವಾಯಿತು.

ಕಾಗದ ಬರೆಸುವುದೆಂದು ನಿಶ್ಚಯವಾಯಿತು. ಪಾರ್ಸಲಿಗಿಂತ ಕಾಗದ ಮುಂಚೆ ಮುಟ್ಟುತ್ತದೆಂದು ಯಜಮಾನರು ಹೇಳಿದರು. ಅವರಿಗೆ ಇಂಗ್ಲೀಷು ಹತ್ತಿಯ ಗಂಟಿನ ಮೇಲೆ ಬರೆಯುವಷ್ಟೇ. ಆದ್ದರಿಂದ ಗಿರಣಿಯ ಹಿರಿಯ ಕಾರಕೂನ ರಾಯರನ್ನು ಮನೆಗೆ ಕರೆತಂದರು. ರಾಯರು ಚಹಾ ಕುಡಿದು, ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸತೊಡಗಿದರು.

"ಇದನ್ನ ಹ್ಯಾಂಗ ಬರೀಲಿ? ಮೂಲಿ ಬಿಚ್ಚು, ಕಾಳ ಹಾಕು, ಇಲ್ಲಾಂದ್ರ ಕೂಸಿಗೆ ಛಲೋ ಅಲ್ಲ. ಮಾಟ ಮಾಡಸ್ಯಾರ ಅಂತ ತಿಳ್ಕೊಂಡಾರು."

"ನಿಮ್ಮ ಅವ್ವ ನಿಮಗ ಕೌದಿ ಹೊಚ್ಚಿದ್ದಿಲ್ಲೇನ್ರಿ, ರಾಯರ?" ಎಂದರು ಅತ್ತೆ.

"ಹೊಚ್ಚಿದ್ಲು."

"ಮಾಟ ಮಾಡಸಿದ್ಲೇನು?"

ರಾಯರು ಕನ್ನಡಕ ಹಾಕಿಕೊಂಡು ಬರೆದರು. ನಾನು ಹೇಳಿದ್ದು ಅಷ್ಟುದ್ದ, ಅವರು ಬರೆದದ್ದು ನಾಲ್ಕೇ ಸಾಲು. ಇಷ್ಟರಲ್ಲಿ ಎಲ್ಲ ಬಂತೇ ಎಂದು ಕೇಳಿದೆ. ಬಂತು ಎಂದರು. ಸಿಂಪಿಗನ ಮೇಲೆ ಸಿಟ್ಟಾಗಬಾರದೆಂದು ಬಂತೇ? ಅದೂ ಬಂತು ಎಂದರು. ನಂಬಿದೆನೆಂದೂ ಹೇಳಲಾರೆ, ನಂಬಲಿಲ್ಲವೆಂದೂ ಹೇಳಲಾರೆ.

ಆಮೇಲೆ ಕಾಯುವುದು. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ನನ್ನ ಮಗುವನ್ನು ನೆನೆದ ಮೇಲೆ ಆ ಕೂಸನ್ನೂ ನೆನೆಯುತ್ತಿದ್ದೆ. ಒಂದು ದಿನ ಯಜಮಾನರು ಮಾತಿಗೆ, ನಮ್ಮಲ್ಲಿ ಬೆಳಗಾದಾಗ ಅಲ್ಲಿ ಇನ್ನೂ ನಡುರಾತ್ರಿ ಎಂದರು. ಹಾಗಾದರೆ ನಾನು ಬೇಡಿಕೊಂಡದ್ದು ಅವರು ಮಲಗಿದ ಹೊತ್ತಿಗೆ ಹೋಗಿ ಮುಟ್ಟುತ್ತದೆಯೋ, ಎದ್ದ ಮೇಲೆ ಮುಟ್ಟುತ್ತದೆಯೋ? ಹುಟ್ಟಿದೆಯೋ ಇಲ್ಲವೋ ತಿಳಿಯದ ಕೂಸಿಗೆ ಆಯುಷ್ಯ ಬೇಡಬೇಕೋ, ಸುಖವಾಗಿ ಹುಟ್ಟಲಿ ಎಂದು ಬೇಡಬೇಕೋ? ಒಂದು ದಿನ ಇದನ್ನು, ಒಂದು ದಿನ ಅದನ್ನು ಬೇಡಿದೆ. ಕೈಯಲ್ಲಿನ ಲಿಂಗಯ್ಯನಿಗಂತೂ ಗೊಂದಲವಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಚಾಳಿನ ಹೆಂಗಸರೂ ಕೇಳುವರು. ಕೊಟ್ಟವರು ಕೇಳುವುದು ಸಹಜ. ಆದರೆ ಕೊಡದವರೂ ನೀರಿಗೆ ಬಂದಾಗ, "ಬಂತೇನು ಸುದ್ದಿ?" ಎನ್ನುತ್ತಿದ್ದರು. ಸಿಂಪಿಗನಂತೂ ನಮ್ಮ ಯಜಮಾನರು ಪೇಟೆಯಲ್ಲಿ ಕಂಡರೆ ಕೆಲಸ ಬಿಟ್ಟು ಎದ್ದು ಬರುವನಂತೆ. ಎದುರು ನಿಂತು ಮುಖ ನೋಡುವನಂತೆ. ಇವರು ಇಲ್ಲವೆಂದು ತಲೆಯಾಡಿಸಿದರೆ ತಿರುಗಿ ಹೋಗುವನಂತೆ.

ಮಳೆಗಾಲ ಸುರುವಾಗಿ, ಹೊಳೆಯ ಧುಮುಕು ಕೆಂಪಾಗಿ, ಅದರ ಸಪ್ಪಳದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಂಥ ದಿನಗಳು ಬಂದಾಗ ಕಾಗದ ಬಂತು. ಯಜಮಾನರು ಒಡೆಯದೆ ಹಾಗೆಯೇ ತಂದು, ಹಿಂದೆಯೇ ರಾಯರನ್ನೂ ಕರೆತಂದರು. ಪಡಸಾಲೆಯಲ್ಲಿ ಕೂತೆವು. ನನ್ನ ಮಗು ಅತ್ತೆಯ ತೊಡೆಯ ಮೇಲೆ ಗಿಲಕಿ ಹಿಡಿದು ಗದ್ದಲ ಮಾಡುತ್ತಿತ್ತು. ರಾಯರು ಲಕೋಟೆ ಒಡೆದು, ಗಂಟಲು ಸರಿಮಾಡಿಕೊಂಡು, ಮಳೆಯ ಸಪ್ಪಳ ಮೀರಿ ದೊಡ್ಡ ದನಿಯಲ್ಲಿ ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದರು.

"ಪ್ರಿಯ ಗೆಳತಿಗೆ. ಇಲ್ಲಿ ಹವಾ ಥಂಡಿ ಐತಿ. ಹಡಗದಾಗ ನನಗ ಭಾಳ ತ್ರಾಸ ಆತು."

"ಹವಾ ಇರ್ಲಿ" ಎಂದರು ಅತ್ತೆ. "ಕೂಸ ಐತೋ ಇಲ್ಲೋ, ಮೊದಲ ಅದನ್ನ ಹೇಳ್ರಿ."

"ಕ್ರಮದಿಂದ ಓದಬೇಕ್ರಿ, ಅಮ್ಮಾರ."

"ಕ್ರಮ ಆಮ್ಯಾಲ ಓದ್ರಿ."

ರಾಯರು ಹಾಳೆ ತಿರುವಿದರು. ನನಗೆ ಎದ್ದು ಹೋಗಬೇಕೆನಿಸಿತು, ಕೂತೆ.

"ಹೆಣ್ಣು" ಎಂದರು ರಾಯರು. "ಹೆಣ್ಣ ಕೂಸ ಆಗೈತಿ. ಐತಿ. ಆರಾಮ ಐತಿ."

ಅತ್ತೆ ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ. ಯಜಮಾನರು ಹೊರಗೆ ಮಳೆ ನೋಡುತ್ತ ನಿಂತರು. ನಾನು ಕೌದಿಯ ಮಾತು ಏನಾದರೂ ಇದೆಯೇ ಎಂದು ಕೇಳಿದೆ.

ಇತ್ತು. ಕಾಗದ ಮೊದಲು ಮುಟ್ಟಿತ್ತು. ಕೌದಿ ಮುಟ್ಟಿದಾಗ ಕೂಸು ಹುಟ್ಟಿ ಕೆಲವು ದಿನವಾಗಿತ್ತು. ಮಡಮ್ಮ ಬಾಣಂತಿ ಮಂಚದ ಮೇಲೆ ಕೌದಿ ಹರವಿ, ಸಿಂಪಿಗ ಹೊಲಿದ ಮೂಲೆ ಯಾವುದೆಂದು ಹುಡುಕಿದರಂತೆ. ನಾಲ್ಕೂ ಮೂಲೆಯ ಹೊಲಿಗೆ ಒಂದೇ ತರಹ. ತಮ್ಮ ತಾಯಿಗೆ ತೋರಿಸಿದರು, ಸೂಲಗಿತ್ತಿಗೆ ತೋರಿಸಿದರು, ಯಾರಿಗೂ ಗುರುತು ಸಿಗಲಿಲ್ಲ. ತಪ್ಪು ಮೂಲೆ ಬಿಚ್ಚಿದರೆ ಏನಾಗುವುದೋ ತಿಳಿಯದೆ ನಾಲ್ಕೂ ಮೂಲೆ ಬಿಚ್ಚಿದರಂತೆ. ನಮ್ಮ ಜೋಳ ಅಲ್ಲಿಲ್ಲ. ಅವರು ದಿನಾ ಅಂಬಲಿ ಕಾಸುವ ಯಾವುದೋ ಕಾಳು ಇದೆಯಂತೆ, ಅದನ್ನೇ ನಾಲ್ಕೂ ಕಡೆ ಒಂದೊಂದು ಚಿಟಿಕೆ ಇಟ್ಟು, ತಾವೇ ಹೊಲಿದರಂತೆ. ಎಂದೂ ಸೂಜಿ ಹಿಡಿದವರಲ್ಲ. ಹೊಲಿಗೆ ಸೊಟ್ಟ ಬಂದಿದೆ, ಕ್ಷಮಿಸು ಎಂದು ಬರೆದಿದ್ದರು.

"ನಾಕ ಹೊಟ್ಟಿ" ಎಂದರು ಅತ್ತೆ. ಅವರಿಗೂ ಇದಕ್ಕೆ ಶಾಸ್ತ್ರ ಗೊತ್ತಿರಲಿಲ್ಲ. "ನಾಕ ಹೊಟ್ಟಿ ಕೌದಿ ನಾ ಕೇಳಿಲ್ಲ, ಕಂಡಿಲ್ಲ."

"ನಡೀತೈತೇನ್ರಿ, ಅತ್ತಿ?"

"ಯಾರನ್ನ ಕೇಳೂದು?"

ನನ್ನ ಲೆಕ್ಕ ಮತ್ತೆ ತಪ್ಪಿತು. ಕೂಸು ಹುಟ್ಟುವಾಗ ಕೌದಿ ಇನ್ನೂ ಸಮುದ್ರದ ಮೇಲಿತ್ತು. ಹಾಗಾದರೆ ಕಾಯ್ದದ್ದು ಯಾವುದು? ಹೊಲಿದವರು ನಾನು, ಸಿಂಪಿಗ, ಮಡಮ್ಮ, ಮೂವರು. ಕೊಟ್ಟವರು ನಕ್ಕು ಕೊಟ್ಟವರು, ಹೆದರಿ ಕೊಟ್ಟವರು, ಸಿಟ್ಟಿನಿಂದ ಕೊಟ್ಟವರು. ಇದರಲ್ಲಿ ಯಾರದು ಆ ಕೂಸಿಗೆ ಹತ್ತಿತು, ಯಾರದು ಹತ್ತಲಿಲ್ಲ? ಅಷ್ಟು ದೊಡ್ಡ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ. ಇಂದಿಗೂ ಅದನ್ನು ಬಿಡಿಸಿಲ್ಲ.

ರಾಯರು ಮತ್ತೆ ಮೊದಲಿಗೆ ಹೋಗಿ ಹವೆ, ಹಡಗು, ಹೆರಿಗೆಯ ತ್ರಾಸು ಎಲ್ಲ ಕ್ರಮದಿಂದ ಓದಿದರು. ಕೊನೆಯ ಹಾಳೆ ಬಂತು. ಮಳೆ ಜೋರಾಗಿತ್ತು, ಅವರ ದನಿಯೂ ಏರಿತ್ತು.

"ನಾನು ಇದನ್ನ ಬರಿಯೂವಾಗ, ಬಾಜೂಕ, ಕೂಸು ಆ ಕೌದಿಯೊಳಗ ಮಲಗೇತಿ. ಈಗ ತಾನ ನಿದ್ದಿ ಹತ್ತೇತಿ."

"ಮೆಲ್ಲಕ ಓದ್ರಿ, ರಾಯರ" ಎಂದರು ಅತ್ತೆ, ನನ್ನ ಮಗುವಿನ ಕೈಯಿಂದ ಗಿಲಕಿ ತೆಗೆದಿಟ್ಟು. "ಕೂಸ ಮಲಗೇತಂತ."

ರಾಯರು ಕನ್ನಡಕದ ಮೇಲಿನಿಂದ ಅವರನ್ನೊಮ್ಮೆ ನೋಡಿದರು. ಏನೋ ಹೇಳಲು ಹೋಗಿ ಬಿಟ್ಟರು. ಉಳಿದ ನಾಲ್ಕು ಸಾಲನ್ನು ನಮಗಷ್ಟೇ ಕೇಳುವ ಹಾಗೆ, ಬಗ್ಗಿ, ಪಿಸುದನಿಯಲ್ಲಿ ಓದಿ ಮುಗಿಸಿದರು.